ಪಾಲಿಸಿಯಲ್ಲಿ ಕೊಟ್ಟಿಗೆಗೆ ಹೆಸರಿಲ್ಲ: ಶ್ರೀರಂಗಪಟ್ಟಣ ಸೀಮೆಯ ಮನೆ ಮತ್ತು ಗೃಹ ವಿಮೆ ಕುರಿತು ಒಂದು ಟಿಪ್ಪಣಿ

ಪಾಂಡವಪುರದ ಕಡೆಯ ಒಂದು ಊರಿಗೆ ಸುಟ್ಟ ಮನೆ ನೋಡಲು ಹೋಗಿದ್ದೆ. ಬೆಂಕಿ ಹೊತ್ತಿಕೊಂಡದ್ದು ಕೊಟ್ಟಿಗೆಯಲ್ಲಿ. ಬಲ್ಬಿಗೆಂದು ಎಳೆದಿದ್ದ ವೈರು ಜಂತೆಯ ಮೇಲೆ ಹಾದುಹೋಗಿತ್ತು. ಅಲ್ಲಿ ಹಾರಿದ ಕಿಡಿ ಅಟ್ಟದ ಮೇಲಿದ್ದ ರಾಗಿ ಹುಲ್ಲಿಗೆ ತಗುಲಿ, ಅಲ್ಲಿಂದ ಹಿತ್ತಿಲ ಹುಲ್ಲಿನ ಮೆದೆಗೆ, ಮೆದೆಯಿಂದ ಅಡುಗೆಮನೆಯ ಸೂರಿಗೆ ನೆಗೆದಿತ್ತು. ದನಗಳನ್ನು ಬಿಚ್ಚಿ ಓಡಿಸಿದ್ದರಿಂದ ಜೀವಹಾನಿ ತಪ್ಪಿತು. ಅಡುಗೆಮನೆ, ಅದರ ಪಕ್ಕದ ಕೋಣೆ, ಅಲ್ಲಿದ್ದ ಬೀರು, ಬಟ್ಟೆಬರೆ, ಹತ್ತು ಮೂಟೆ ಭತ್ತ, ಎರಡು ಮೂಟೆ ರಾಗಿ ಕರಕಲಾದವು. ಮಂಗಳೂರು ಹೆಂಚುಗಳು ಕಾದು ಸಿಡಿದು ಒಲೆಯ ಮೇಲೆ ರಾಶಿ ಬಿದ್ದಿದ್ದವು. ಮುಂದಿನ ಹಜಾರಕ್ಕೆ ಮಸಿ ಹಿಡಿದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಯಜಮಾನರು ಜಗಲಿಯ ಮೇಲೆ ಕೂತು ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಕೈಗಿಟ್ಟರು. "ಸಾಲ ಕೊಟ್ಟಾಗ್ಲೇ ಬ್ಯಾಂಕ್‌ನೋರು ಇನ್ಶೂರೆನ್ಸ್ ದುಡ್ಡು ಹಿಡ್ಕಂಡವ್ರೆ ಮೇಷ್ಟ್ರೇ. ಮನೆಗೆ ಐತೆ ಅಂತ ನಾವು ಧೈರ್ಯವಾಗಿದ್ವಿ" ಎಂದರು. ಕವರಿನೊಳಗಿದ್ದ ಕಾಗದವನ್ನು ಎರಡು ಸಲ ಓದಿದೆ. ಅದು ಜೀವ ವಿಮೆ. ಸಾಲ ತೀರುವ ಮೊದಲು ಸಾಲಗಾರ ತೀರಿಕೊಂಡರೆ ಬಾಕಿಯನ್ನು ಕಟ್ಟಿಕೊಡುವ ಕರಾರು. ಮನೆ ಸುಟ್ಟರೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಸಾಲದ ಜತೆ ಮಾರುವ ವಿಮೆಗಳಲ್ಲಿ ಎರಡು ಬಗೆ ಇವೆ. ಒಂದು ಸಾಲಗಾರನ ಜೀವಕ್ಕೆ, ಇನ್ನೊಂದು ಕಟ್ಟಡಕ್ಕೆ. ಕಟ್ಟಡದ ವಿಮೆಯಾಗಿದ್ದರೂ ಅದರಲ್ಲಿ ಬ್ಯಾಂಕಿನ ಹೆಸರು ಸೇರಿದ್ದರೆ ಪರಿಹಾರದ ಹಣಕ್ಕೆ ಮೊದಲ ಹಕ್ಕು ಬ್ಯಾಂಕಿನದು. ಈ ಭೇದವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿ ಬಂದ ಹೊತ್ತು ನನಗೆ ಮರೆಯುವುದಿಲ್ಲ. ಈ ಟಿಪ್ಪಣಿ ಹುಟ್ಟಿದ್ದು ಅಲ್ಲಿಂದ.

ಆಮೇಲೆ ನಾನು ಎರಡು ಪಠ್ಯಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದೆ. ಒಂದು 'ಭಾರತ್ ಗೃಹ ರಕ್ಷಾ' ಪಾಲಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಒಂದೇ ಷರತ್ತಿನಲ್ಲಿ ಕೊಡಲೇಬೇಕು. ಹಾಗಾಗಿ ಯಾವ ಕಂಪನಿಯ ಪಾಲಿಸಿ ತೆಗೆದು ಓದಿದರೂ ಮೂಲ ಮಾತುಗಳು ಅವೇ. ಇನ್ನೊಂದು, ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ತಹಶೀಲ್ದಾರರು ಕೊಡುವ ನೆರವಿನ 2022-26ರ ಮಾನದಂಡ. ಒಂದು ಕಂತು ಕಟ್ಟಿ ಕೊಂಡ ಕರಾರು, ಇನ್ನೊಂದು ಸರ್ಕಾರದ ನೆರವು. ಎರಡೂ 'ಮನೆ' ಎಂಬ ಮಾತನ್ನು ಬಳಸುತ್ತವೆ, ಆದರೆ ಎರಡರ ಕಣ್ಣಿಗೆ ಕಾಣುವ ಮನೆ ಒಂದೇ ಅಲ್ಲ.

ಪಾಲಿಸಿ ಓದುವವರು ಮೊದಲು ತಿಳಿಯಬೇಕಾದದ್ದು ಇಷ್ಟು. ನಾವು ನಷ್ಟದಿಂದ ಲೆಕ್ಕ ಶುರು ಮಾಡುತ್ತೇವೆ: ಗೋಡೆ ಬಿತ್ತು, ಸೂರು ಹೋಯಿತು. ಪಾಲಿಸಿ ಕಾರಣದಿಂದ ಶುರು ಮಾಡುತ್ತದೆ: ಯಾವುದರಿಂದ ಬಿತ್ತು? ಆ ಕಾರಣದ ಹೆಸರು ಪಟ್ಟಿಯಲ್ಲಿದ್ದರೆ ಮಾತ್ರ ಮುಂದಿನ ಮಾತು. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ ಮತ್ತು ಜಲಾವೃತ, ಭೂಕುಸಿತ, ಕಾಡ್ಗಿಚ್ಚು, ವಾಹನವೋ ಮರವೋ ಬಂದು ಬಡಿಯುವುದು, ಗಲಭೆ ಮತ್ತು ದುರುದ್ದೇಶದ ಹಾನಿ, ಭಯೋತ್ಪಾದನೆ, ನೀರಿನ ಟ್ಯಾಂಕು ಪೈಪು ಒಡೆಯುವುದು, ಇವೆಲ್ಲ ಪಟ್ಟಿಯಲ್ಲಿವೆ. ಇವುಗಳಲ್ಲಿ ಯಾವುದಾದರೂ ನಡೆದು, ಅದೇ ಕಾರಣಕ್ಕೆ ಏಳು ದಿನದೊಳಗೆ ಮನೆಯಲ್ಲಿ ಕಳವಾದರೆ ಅದಕ್ಕೂ ಪರಿಹಾರ ಉಂಟು. ಬೆಂಕಿಯ ಗದ್ದಲದಲ್ಲಿ ಬೀದಿಗೆ ತಂದಿಟ್ಟ ಸಾಮಾನಿಗೆ ಆ ಮಾತು ಅನ್ವಯಿಸುವುದಿಲ್ಲ, ಮನೆಯ ಹೊರಗಿದ್ದ ವಸ್ತುವಿನ ಕಳವನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಬೆಂಕಿ ಬಿದ್ದಾಗ ನಮ್ಮವರು ಮಾಡುವ ಮೊದಲ ಕೆಲಸವೇ ಸಾಮಾನನ್ನು ಬೀದಿಗೆ ಎಸೆಯುವುದು ಎಂಬುದನ್ನು ನೆನೆದರೆ ಈ ಒಂದು ಸಾಲು ಎಷ್ಟು ಮುಖ್ಯ ಎಂದು ತಿಳಿಯುತ್ತದೆ.

ಪಟ್ಟಿಯಲ್ಲಿ ಬರಿಯ 'ಮಳೆ' ಇಲ್ಲ. ನಮ್ಮ ಕಡೆ ಮನೆ ಬೀಳುವುದು ಹೆಚ್ಚಾಗಿ ಹೇಗೆ? ಎಂಟು ದಿನ ಸೋನೆ ಹಿಡಿದು ಮಣ್ಣಿನ ಗೋಡೆ ನೆನೆದು ಒಂದು ಬೆಳಗಿನ ಜಾವ ಕುಸಿಯುತ್ತದೆ. ಅದು ಬಿರುಗಾಳಿಯೇ, ಜಲಾವೃತವೇ, ಅಥವಾ ಹಳೆಯ ಗೋಡೆಯ ಸಹಜ ಸವೆತವೇ ಎಂಬಲ್ಲಿಗೆ ಜಗಳ ಬಂದು ನಿಲ್ಲುತ್ತದೆ. ಇಂಥ ಕಡೆ ಮನೆಯವರಿಗೆ ಒದಗುವ ಸಾಕ್ಷಿ ಒಂದಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನು ಇಟ್ಟಿದೆ. ಆ ದಿನ ಆ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಸುರಿಯಿತು ಎಂಬ ದಾಖಲೆ, ಗೋಡೆಯ ಬುಡದಲ್ಲಿ ನೀರು ನಿಂತ ಒಂದು ಫೋಟೊ, ಇವೆರಡು ಕೈಯಲ್ಲಿದ್ದರೆ ವಾದಕ್ಕೆ ಕಾಲು ಬರುತ್ತದೆ.

ಹೊಳೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವೆ ಕೂತ ಊರು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ಮೇಲೆ ಒಳಹರಿವು ಏರಿದರೆ ನೀರನ್ನು ಹೊರಕ್ಕೆ ಬಿಡದೆ ವಿಧಿಯಿಲ್ಲ. 2019ರ ಆಗಸ್ಟಿನಲ್ಲೂ 2024ರ ಮಳೆಗಾಲದಲ್ಲೂ ಬಿಟ್ಟ ನೀರು 1 ಲಕ್ಷ ಕ್ಯೂಸೆಕ್ ದಾಟಿತು. ರಂಗನತಿಟ್ಟಿನ ನಡುಗಡ್ಡೆಗಳು ಮುಳುಗಿ ದೋಣಿ ನಿಂತಿತು. ಅಂಥ ನೀರು ಮನೆಗೆ ನುಗ್ಗಿ ಗೋಡೆ ಬಿದ್ದರೆ ಪಾಲಿಸಿಯ ಮಾತಿನಲ್ಲಿ ಅದು ಪ್ರವಾಹವೇ. ಮಳೆಯಿಂದ ಉಕ್ಕಿದ ನೀರು, ಅಣೆಕಟ್ಟೆಯಿಂದ ಬಿಟ್ಟ ನೀರು ಎಂಬ ಭೇದ ಆ ಸಾಲಿನಲ್ಲಿ ಇಲ್ಲ. ಆದರೆ ಭೂಕುಸಿತದ ಸಾಲಿಗೆ ಬಂದರೆ 'ನದಿ ಕೊರೆತ'ದಿಂದಾದ ಹಾನಿಗೆ ಪರಿಹಾರವಿಲ್ಲ ಎಂದು ಬರೆದಿದೆ. ಅಂದರೆ ಅದೇ ಹೊಳೆ, ಅದೇ ವಾರ, ದಂಡೆಯ ಮಣ್ಣನ್ನು ಕೊರೆದು ಹಿತ್ತಿಲ ಗೋಡೆಯ ತಳಪಾಯವನ್ನು ಜಗ್ಗಿಸಿದರೆ ಕಂಪನಿ ಇಲ್ಲ ಎನ್ನಬಹುದು. ದಂಡೆಯಂಚಿನ ಮನೆಯವರು ನೀರು ಎಲ್ಲಿಯವರೆಗೆ ಏರಿತ್ತು ಎಂಬುದಕ್ಕೆ ಗೋಡೆಯ ಮೇಲಿನ ಕೆಸರಿನ ಗೆರೆಯನ್ನು, ಅದನ್ನು ತೊಳೆಯುವ ಮೊದಲೇ, ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಬೇಕು. ನೀರು ಮನೆಯೊಳಗೆ ಬಂದಿತ್ತು ಎನ್ನಲು ಆ ಗೆರೆಯೇ ಆಧಾರ.

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತಲಿನ ಊರುಗಳಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಕಲ್ಲು ಕ್ವಾರಿಯ ಸಿಡಿತಕ್ಕೆ ಗೋಡೆ ಬಿರುಕು ಬಿಟ್ಟರೆ? ಕನ್ನಂಬಾಡಿ ಕಟ್ಟೆಯ ಸುರಕ್ಷತೆಯ ಕಾರಣಕ್ಕೆ ಸುತ್ತಲಿನ 20 ಕಿಲೋಮೀಟರಿನಲ್ಲಿ ಗಣಿಗಾರಿಕೆ, ಸ್ಫೋಟ ನಡೆಸಬಾರದೆಂದು ಹೈಕೋರ್ಟ್ 2024ರ ಜನವರಿಯಲ್ಲಿ ತಡೆ ಕೊಟ್ಟಿತು. ಹಳೆಯ ಬಿರುಕುಗಳು ಮಾತ್ರ ಗೋಡೆಗಳಲ್ಲೇ ಉಳಿದಿವೆ. 'ಸ್ಫೋಟ'ದ ಹೆಸರು ಪಟ್ಟಿಯಲ್ಲಿದೆ, ಅದು ಮನೆಯೊಳಗೇ ಆಗಬೇಕೆಂದು ಎಲ್ಲೂ ಹೇಳಿಲ್ಲ. ಆದರೆ ಭೂಕುಸಿತದ ಸಾಲು 'ಸಹಜ ಬಿರುಕು', 'ಅಗೆತದ ಕೆಲಸ'ಗಳನ್ನು ಹೊರಗಿಡುತ್ತದೆ. ಮನೆಯವರು ಸ್ಫೋಟ ಎನ್ನುತ್ತಾರೆ, ಕಂಪನಿ ಬಿರುಕು ಎನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಮನೆಯವರ ಓದೇ ಸರಿ. ಆದರೆ ಯಾವ ದಿನದ ಯಾವ ಸಿಡಿತಕ್ಕೆ ಯಾವ ಗೋಡೆ ಬಿರಿಯಿತು ಎಂದು ತೋರಿಸಲಾಗದಿದ್ದರೆ ಸರಿಯಾದ ಓದೂ ಗೆಲ್ಲುವುದಿಲ್ಲ. ನಿಧಾನವಾಗಿ, ವರ್ಷಗಟ್ಟಲೆ ಆಗುವ ಹಾನಿಗೆ ಈ ಪಾಲಿಸಿ ದುರ್ಬಲ.

ಈಗ ಕೊಟ್ಟಿಗೆಗೆ ಮರಳುತ್ತೇನೆ. ಪಾಲಿಸಿಯ ಪ್ರಕಾರ ಮನೆ ಎಂದರೆ ಸುತ್ತ ಮುಚ್ಚಿದ, ಮೇಲೆ ಚಾವಣಿಯಿರುವ, ವಾಸಕ್ಕೆ ಬಳಸುವ ಕಟ್ಟಡ. ಅದರ ಜತೆಗೆ ಏನೇನು ಸೇರುತ್ತದೆ ಎಂದು ಹೇಳುವಲ್ಲಿ ಅದು ಉದಾರವಾಗಿದೆ. ಕಾಂಪೌಂಡು, ಬೇಲಿ, ಗೇಟು, ಜಗಲಿ, ವಾಹನ ನಿಲ್ಲಿಸುವ ಜಾಗ, ಸೆಪ್ಟಿಕ್ ಟ್ಯಾಂಕು, ನೀರಿನ ತೊಟ್ಟಿ, ಸೋಲಾರ್ ಫಲಕ, ಗೋಬರ್ ಗ್ಯಾಸ್ ಘಟಕ ಕೂಡ ಸೇರಿದೆ. ಗೋಬರ್ ಗ್ಯಾಸನ್ನು ಹೆಸರಿಸಿದವರು ಹಳ್ಳಿಮನೆಯನ್ನು ನೆನೆಯದೆ ಇರಲಿಲ್ಲ. ಆದರೆ ಆ ಸಗಣಿ ಬರುವ ಕೊಟ್ಟಿಗೆಯ ಹೆಸರು ಅಲ್ಲಿಲ್ಲ. ಹತ್ತಿರದ ಮಾತೆಂದರೆ 'ವಾಸಕ್ಕೆ ಬಳಸುವ ಹೊರಮನೆ'. ಕೊಟ್ಟಿಗೆಯಲ್ಲಿ ಮನುಷ್ಯರು ವಾಸ ಮಾಡುವುದಿಲ್ಲ. ತೊಟ್ಟಿಮನೆಯ ಒಂದು ಅಂಕಣವೇ ಕೊಟ್ಟಿಗೆಯಾಗಿದ್ದರೆ ಅದು ಮನೆಯೊಳಗಿನ ಜಾಗ, ತಕರಾರಿಗೆ ಎಡೆ ಕಡಿಮೆ. ನಾನು ನೋಡಿದ ಮನೆಯ ಹಾಗೆ ಹಿಂಗೋಡೆಗೆ ತಗುಲಿಸಿ ಸಿಮೆಂಟ್ ಶೀಟು ಹೊದಿಸಿದ್ದಾದರೆ ಅನುಮಾನ ಹುಟ್ಟುತ್ತದೆ.

ಸರ್ಕಾರದ ಮಾನದಂಡವನ್ನು ತೆರೆದರೆ ಅಲ್ಲಿ ಕೊಟ್ಟಿಗೆ ಇದೆ. 'ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆ'ಗೆ 3,000 ರೂಪಾಯಿ ಎಂದು ಪ್ರತ್ಯೇಕ ಸಾಲೇ ಇದೆ. ಬಟ್ಟೆಗೆ 2,500, ಪಾತ್ರೆಗೆ 2,500 ಎಂದೂ ಬರೆದಿದೆ. ಬರೆದವರಿಗೆ ಮನೆಯ ಪರಿಚಯ ಇತ್ತು, ಮೊತ್ತ ಮಾತ್ರ ಅಲ್ಪ. ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1,20,000, ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಶೇ. 15 ಮುಟ್ಟದಿದ್ದರೆ ಅದೂ ಇಲ್ಲ. 2019ರ ಪ್ರವಾಹದಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಅದು ಆ ಹೊತ್ತಿನ ತೀರ್ಮಾನ, ಪ್ರತಿ ಸಲ ನಂಬಿ ಕೂರುವ ಹಕ್ಕಲ್ಲ. ಹೆಂಚಿನ ಮಾಡಿನ ಒಂದು ಅಡುಗೆಮನೆಯನ್ನು 6,500 ರೂಪಾಯಿಯಲ್ಲಿ ಮತ್ತೆ ಕಟ್ಟಲಾಗದು. ತೊಲೆ ಜಂತೆಗೆ ಬೇಕಾದ ಮರಕ್ಕೂ ಅದು ಸಾಲದು.

ಎರಡು ಪಠ್ಯಗಳನ್ನು ಹೋಲಿಸಿದಾಗ ನನಗೆ ಸಮಾಧಾನ ಕೊಟ್ಟ ಸಂಗತಿಯೂ ಸಿಕ್ಕಿತು. ಮಣ್ಣಿನ ಗೋಡೆಯ ಮನೆಗೆ ವಿಮೆಯೇ ಆಗುವುದಿಲ್ಲ ಎಂದು ನಮ್ಮ ಕಡೆ ಅನೇಕರು ನಂಬಿದ್ದಾರೆ. ಸರ್ಕಾರದ ಮಾನದಂಡ ಗುಡಿಸಲನ್ನು ವಿವರಿಸುವಾಗ ಹುಲ್ಲು, ಪ್ಲಾಸ್ಟಿಕ್ ಹಾಳೆಗಳ ಜತೆ ಮಣ್ಣನ್ನೂ ಹೇಳುತ್ತದೆ. ಪಾಲಿಸಿ 'ಕಚ್ಚಾ ಕಟ್ಟಡ'ವನ್ನು ವಿವರಿಸುವ ಸಾಲಿನಲ್ಲಿ ಮರದ ಹಲಗೆ, ಗರಿ, ಹುಲ್ಲು, ಬಿದಿರು, ಪ್ಲಾಸ್ಟಿಕ್, ಡಾಂಬರು ಬಟ್ಟೆ, ಕ್ಯಾನ್ವಾಸ್, ಟಾರ್ಪಾಲ್ ಇವೆ. ಮಣ್ಣು ಇಲ್ಲ. ಮಣ್ಣಿನ ಗೋಡೆ, ಹೆಂಚಿನ ಮಾಡಿನ ಮನೆ ಆ ಮಾತಿನ ಪ್ರಕಾರ ಕಚ್ಚಾ ಆಗುವುದಿಲ್ಲ. ಹಿಂದಿನ ತಲೆಮಾರು ಕಟ್ಟಿದ ನಾಡಹೆಂಚಿನ ಮನೆಯಲ್ಲಿ ಇಂದಿಗೂ ಬಾಳುತ್ತಿರುವವರು ಈ ಸಾಲನ್ನು ಏಜೆಂಟರ ಮುಂದೆ ತೆಗೆದು ತೋರಿಸಬೇಕು. ಗ್ರಾಮಠಾಣಾ ಮನೆಯಾದರೆ ಇ-ಸ್ವತ್ತಿನ ದಾಖಲೆ ಯಾರ ಹೆಸರಿನಲ್ಲಿದೆ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಬೇಕು. ತಾತನ ಹೆಸರಿನ ಖಾತೆ, ಮೊಮ್ಮಗನ ಹೆಸರಿನ ಪಾಲಿಸಿ ಆಗಿದ್ದರೆ ಕ್ಲೇಮಿನ ದಿನ ಹಕ್ಕು ತೋರಿಸಲು ಅಲೆದಾಟ ತಪ್ಪದು.

ಮೊತ್ತದ ಲೆಕ್ಕ ಹೀಗೆ. ನೆಲದ ಬೆಲೆ ವಿಮೆಗೆ ಸೇರುವುದಿಲ್ಲ, ಕಟ್ಟುವ ಖರ್ಚು ಮಾತ್ರ ಸೇರುತ್ತದೆ. ಮನೆಯ ಒಳ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ದರದಿಂದ ಗುಣಿಸಬೇಕು. 100 ಚದರ ಮೀಟರಿನ ಮನೆ, ಚದರ ಮೀಟರಿಗೆ 20,000 ರೂಪಾಯಿ ಎಂದಿಟ್ಟುಕೊಂಡರೆ ವಿಮಾ ಮೊತ್ತ 20 ಲಕ್ಷ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೆ ತಾನಾಗಿ ರಕ್ಷಣೆ ಸಿಗುತ್ತದೆ. ಇಲ್ಲಿ ಅದು 4 ಲಕ್ಷ. ಹೆಚ್ಚು ಬೇಕಿದ್ದರೆ ಬರೆಸಬೇಕು. ಸುಟ್ಟ ಕಸ ಸಾಗಿಸಲು ಕ್ಲೇಮಿನ ಶೇ. 2, ಎಂಜಿನಿಯರು ಮುಂತಾದವರ ಶುಲ್ಕಕ್ಕೆ ಶೇ. 5 ಸಿಗುತ್ತದೆ. ಮನೆ ವಾಸಕ್ಕೆ ಬಾರದಂತಾದರೆ ಬೇರೆ ಕಡೆಯ ಬಾಡಿಗೆಯೂ ಉಂಟು. ಈ ಪಾಲಿಸಿಯ ದೊಡ್ಡ ಗುಣವೆಂದರೆ, ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಹೇಳಿ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಹಳೆಯ ಪದ್ಧತಿಯನ್ನು ಇದು ಕೈಬಿಟ್ಟಿದೆ.

ಬೀರುವಿನಲ್ಲಿದ್ದ ನೋಟುಗಳು ಸುಟ್ಟರೆ ಏನೂ ಬರುವುದಿಲ್ಲ, ನಗದನ್ನು ಪಾಲಿಸಿ ಹೊರಗಿಟ್ಟಿದೆ. ಒಡವೆಗೆ ಬೇರೆಯಾಗಿ ಬರೆಸಿ ಕಂತು ಕಟ್ಟಿರಬೇಕು. ಭತ್ತ, ರಾಗಿಯ ಮೂಟೆ ಮನೆಬಳಕೆಯ ಸಾಮಾನೇ, ಮಾರಾಟದ ಸರಕೇ ಎಂಬ ಪ್ರಶ್ನೆ ಏಳುತ್ತದೆ. ವರ್ಷದ ಊಟಕ್ಕೆ ಇಟ್ಟ ರಾಗಿ ಅಡುಗೆಮನೆಯ ಪಾತ್ರೆಯಷ್ಟೇ ಮನೆಬಳಕೆಯದು ಎಂದು ನಾನು ಗಟ್ಟಿಯಾಗಿ ವಾದಿಸುತ್ತೇನೆ. ಆದರೆ ಆ ಮಾತನ್ನು ಕಂಪನಿಯಿಂದ ಮೊದಲೇ ಬರೆಸಿಕೊಳ್ಳುವುದು ಕ್ಷೇಮ. ಬೆಳೆ ವಿಮೆ ಇದೆಯಲ್ಲ ಎನ್ನುವವರೂ ಇದ್ದಾರೆ. ಫಸಲ್ ಬಿಮಾ ಯೋಜನೆ ಕೊಯ್ಲಿನ ನಂತರ ನೋಡುವುದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಯನ್ನು, ಅದೂ 14 ದಿನ, ಅದೂ ಆಲಿಕಲ್ಲು, ಚಂಡಮಾರುತ, ಅಕಾಲಿಕ ಮಳೆಯಂಥ ಕಾರಣಗಳಿಗೆ. ಹಿತ್ತಿಲ ಮೆದೆಗೆ ಬಿದ್ದ ಬೆಂಕಿ ಅದರ ವ್ಯಾಪ್ತಿಗೆ ಬರುವುದಿಲ್ಲ. ದನಕ್ಕೆ ಜಾನುವಾರು ವಿಮೆ ಬೇರೆಯೇ ಇದೆ.

ಶಾರ್ಟ್ ಸರ್ಕ್ಯೂಟ್ ಎಂಬ ಮಾತು ಕೇಳಿದೊಡನೆ ಕ್ಲೇಮು ಹೋಯಿತು ಎಂದು ಹೆದರುವವರಿದ್ದಾರೆ. ಪಾಲಿಸಿ ಹೊರಗಿಡುವುದು ಶಾರ್ಟ್ ಆದ ಆ ಒಂದು ಉಪಕರಣವನ್ನು ಮಾತ್ರ. ಫ್ರಿಜ್ಜಿನಲ್ಲಿ ಶಾರ್ಟ್ ಆಗಿ ಅಡುಗೆಮನೆ ಸುಟ್ಟರೆ ಫ್ರಿಜ್ಜಿಗೆ ದುಡ್ಡಿಲ್ಲ, ಅಡುಗೆಮನೆಗೆ ಇದೆ. ಈ ವಿಷಯದಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆ ದೊಡ್ಡ ಬೆಳಕು ಕೊಟ್ಟಿದೆ. 2014ರ ಜನವರಿಯಲ್ಲಿ ಬ್ಯಾಡಗಿಯ ಒಂದು ಶೀತಲ ಗೃಹ ಸುಟ್ಟು, ರೈತರು ಕೆನರಾ ಬ್ಯಾಂಕಿಗೆ ಒತ್ತೆಯಿಟ್ಟು ಸಾಲ ಪಡೆದಿದ್ದ ಫಸಲು ಬೂದಿಯಾಯಿತು. ಶೀತಲ ಗೃಹಕ್ಕೆ ವಿಮೆ ಕೊಟ್ಟಿದ್ದ ಯುನೈಟೆಡ್ ಇಂಡಿಯಾ ಕಂಪನಿ, ಬೆಂಕಿ ಆಕಸ್ಮಿಕವಲ್ಲ, ರೈತರಿಗೂ ತನಗೂ ಕರಾರಿಲ್ಲ ಎಂದು ವಾದಿಸಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರೈತರೂ ಗ್ರಾಹಕರೇ ಎಂದು ಎತ್ತಿಹಿಡಿದು ಕಂಪನಿಯ ಹೊಣೆಯನ್ನು ಖಚಿತಪಡಿಸಿತು. ವಿಮೆ ಮಾಡಿಸಿದವನೇ ಬೆಂಕಿ ಹಚ್ಚಿರದಿದ್ದರೆ, ಅದು ಶಾರ್ಟ್ ಸರ್ಕ್ಯೂಟಿನಿಂದ ಬಂತೋ ಬೇರೆ ಕಾರಣದಿಂದ ಬಂತೋ ಎಂಬುದರಿಂದ ಹೊಣೆ ತಪ್ಪುವುದಿಲ್ಲ ಎಂಬ ತತ್ವವನ್ನು ಅದೇ ನ್ಯಾಯಾಲಯ 2023ರಲ್ಲಿ ಇನ್ನೊಂದು ತೀರ್ಪಿನಲ್ಲೂ ಹೇಳಿದೆ.

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳಿಗೆ ಬೆಂಕಿ ಬಿತ್ತು. ಗಲಭೆಯ ಬೆಂಕಿ ಗೃಹ ರಕ್ಷಾ ಪಾಲಿಸಿಯ ಪಟ್ಟಿಯಲ್ಲಿದೆ. ಆದರೆ ಕೆಳಗೆ ಅಂಗಡಿ, ಮೇಲೆ ಮನೆ ಇರುವ ನಮ್ಮ ಪೇಟೆಬೀದಿಗಳಲ್ಲಿ ಮನೆಯ ಪಾಲಿಸಿ ಅಂಗಡಿಯ ಸರಕನ್ನು ಕಾಯುವುದಿಲ್ಲ. ಅದಕ್ಕೆ ಸಣ್ಣ ವ್ಯಾಪಾರಿಗಳಿಗೆಂದೇ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಇನ್ನೊಂದು ಪಾಲಿಸಿ ಇದೆ.

ಕಂತು ಕಟ್ಟದೆಯೇ ಬಹುತೇಕ ಎಲ್ಲ ಮನೆಗೂ ಇರುವ ಒಂದು ರಕ್ಷಣೆಯನ್ನು ಇಲ್ಲಿ ಹೇಳಲೇಬೇಕು. ಅಡುಗೆ ಅನಿಲವೇ ಮೂಲ ಕಾರಣವಾಗಿ ಬೆಂಕಿ ಬಿದ್ದರೆ ತೈಲ ಕಂಪನಿಗಳು ಮಾಡಿಸಿರುವ ವಿಮೆಯಲ್ಲಿ ಸಾವಿಗೆ ತಲಾ 6 ಲಕ್ಷ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ನೋಂದಾಯಿತ ವಿಳಾಸದ ಮನೆಯ ಆಸ್ತಿಹಾನಿಗೆ 2 ಲಕ್ಷದವರೆಗೆ ಅವಕಾಶವಿದೆ. ವಿತರಕರಿಗೆ ಬರಹದಲ್ಲಿ ತಿಳಿಸಬೇಕು, ಪೊಲೀಸ್ ದಾಖಲೆ ಬೇಕು. 'ನೋಂದಾಯಿತ ವಿಳಾಸ' ಎಂಬ ಮಾತಿನಲ್ಲಿ ತೊಡಕಿದೆ. ಊರಿನ ಮನೆಯ ಸಂಪರ್ಕದ ಸಿಲಿಂಡರನ್ನು ಮಗಳ ಬಾಡಿಗೆ ಮನೆಗೆ ಒಯ್ದಿಟ್ಟಿದ್ದರೆ ಅಲ್ಲಿನ ಆಸ್ತಿಹಾನಿಗೆ ಅದು ಒದಗದು.

ಬೆಂಕಿ ಆರಿದ ಮೇಲಿನ ಮೊದಲ ದಿನದ ಬಗ್ಗೆ ಒಂದು ಮಾತು. ನಾನು ಹೋಗುವ ಹೊತ್ತಿಗೆ ಆ ಮನೆಯ ಹೆಂಗಸರು ಹಜಾರದ ಮಸಿಯನ್ನು ಅರ್ಧ ತೊಳೆದಿದ್ದರು. ಸುಟ್ಟ ವಾಸನೆ ಮನೆಯಲ್ಲಿ ಉಳಿಯಬಾರದು ಎಂಬ ಅವರ ತವಕ ನನಗೆ ಅರ್ಥವಾಗುತ್ತದೆ. ಆದರೆ ಸರ್ವೇಯರ್ ಬಂದು ನೋಡುವವರೆಗೆ ಆ ಮಸಿಯೇ ಪುರಾವೆ. ಕರಕಲಾದ ಬೀರು, ಕರಗಿದ ಸ್ವಿಚ್ ಬೋರ್ಡು, ಒಡೆದ ಹೆಂಚು, ಯಾವುದನ್ನೂ ಗುಜರಿಗೆ ಹಾಕಬಾರದು. ಅಗ್ನಿಶಾಮಕ ಠಾಣೆಯ ವರದಿ, ಪೊಲೀಸ್ ಮಹಜರು, ಗ್ರಾಮ ಆಡಳಿತಾಧಿಕಾರಿಯ ವರದಿ, ವಿದ್ಯುತ್ ಕಾರಣವಿದ್ದರೆ ವಿದ್ಯುತ್ ಪರಿವೀಕ್ಷಕರ ವರದಿ, ಇವುಗಳ ನಕಲನ್ನು ಕೇಳಿ ಪಡೆಯಬೇಕು. ಸರ್ವೇಯರ್ ಹೇಳಿದ್ದೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಕ್ಲೇಮು ತಿರಸ್ಕಾರವಾದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿಯಿದೆ.

ಆ ಯಜಮಾನರು ಅಡುಗೆಮನೆಯನ್ನು ಮತ್ತೆ ಕಟ್ಟಿದರು, ಕೊಟ್ಟಿಗೆಯನ್ನೂ ಎಬ್ಬಿಸಿದರು. ಈ ಸಲ ವೈರನ್ನು ಪೈಪಿನೊಳಗೆ ಹಾಯಿಸಿದ್ದಾರೆ, ಮೆದೆಯನ್ನು ಕಣದ ಆಚೆ ತುದಿಗೆ ಒಟ್ಟಿದ್ದಾರೆ. ಗೃಹ ರಕ್ಷಾ ಪಾಲಿಸಿಗೆ ಅರ್ಜಿ ತುಂಬುವ ದಿನ ನನ್ನನ್ನು ಕರೆಸಿಕೊಂಡರು. ಅರ್ಜಿಯಲ್ಲಿ ಕೊಟ್ಟಿಗೆಗೆ ಜಾಗವಿರಲಿಲ್ಲ. ಒಂದು ಬಿಳಿ ಹಾಳೆಯಲ್ಲಿ ಹೀಗೆ ಬರೆದು ಅರ್ಜಿಗೆ ಲಗತ್ತಿಸಿದೆವು: "ಮನೆಯ ಹಿಂಗೋಡೆಗೆ ಹೊಂದಿಕೊಂಡು 18 ಅಡಿ ಉದ್ದ, 12 ಅಡಿ ಅಗಲದ, ಇಟ್ಟಿಗೆ ಗೋಡೆ ಮತ್ತು ಸಿಮೆಂಟ್ ಶೀಟಿನ ದನದ ಕೊಟ್ಟಿಗೆ ಇದೆ. ಇದು ಈ ಪಾಲಿಸಿಯಲ್ಲಿ ಸೇರಿದೆಯೇ ಇಲ್ಲವೇ ಎಂಬುದನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ." ಅವರು ಸಹಿ ಹಾಕಿದರು. ಅಳತೆ ಸರಿಯಿದೆಯೇ ಎಂದು ಟೇಪು ಹಿಡಿದು ಇನ್ನೊಮ್ಮೆ ನೋಡಿದರು. ಹಾಳೆಯ ನಕಲನ್ನು ಅದೇ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಮೂಲವನ್ನು ರಿಜಿಸ್ಟರ್ಡ್ ಅಂಚೆಗೆ ಹಾಕಲು ಪೇಟೆಗೆ ಹೊರಟರು.